ರಜೆಗೆ ಊರಿಗೆ ಹೋದಾಗ ಮನೆ ಕಂಪ್ಯೂಟರಿಗೆ ಏನು ಮಾಡಬೇಕು, ಏನು ಮಾಡಬಾರದು

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗಿ ಬ್ಯಾಗ್ ಇಳಿಸೋ ಮೊದಲೇ ನಮಗೆಲ್ಲ ಕಾದಿರೋ ಒಂದು ಮಾತಿದೆ: "ಮಗಾ, ಆ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ಸ್ವಲ್ಪ ನೋಡೋ." ನಾವು ಸಿವಿಲ್ ಓದ್ತಿದ್ದೀವೋ ಮೆಕ್ಯಾನಿಕಲ್ಲೋ ಬಯೋಟೆಕ್ನಾಲಜಿಯೋ ಅನ್ನೋದು ಮನೆಯವರಿಗೆ ಲೆಕ್ಕಕ್ಕಿಲ್ಲ. ಇಂಜಿನಿಯರಿಂಗ್ ಅಂದ್ರೆ ಕಂಪ್ಯೂಟರ್, ಅಷ್ಟೇ. ಎರಡನೇ ದಿನ ಪಕ್ಕದ ಮನೆ ಆಂಟಿ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತಾರೆ, ಮೂರನೇ ದಿನ ದೊಡ್ಡಪ್ಪನ ಅಂಗಡಿಯಿಂದ ಫೋನ್ ಬರುತ್ತೆ.

ಇಂಥ ಸಮಯದಲ್ಲಿ ನಮ್ಮ ಬಾಯಿಂದ ಬರೋ ಮೊದಲ ಉತ್ತರ "ಫಾರ್ಮ್ಯಾಟ್ ಮಾಡಿಬಿಡೋಣ" ಅನ್ನೋದು. ನಮ್ಮ ಹಾಸ್ಟೆಲ್ ಲ್ಯಾಪ್‌ಟಾಪಿಗೆ ಇದು ಸರಿ ಇರಬಹುದು, ನಮ್ಮದೆಲ್ಲ ಡ್ರೈವಿನಲ್ಲೋ ಗಿಟ್‌ಹಬ್ಬಿನಲ್ಲೋ ಇರುತ್ತೆ. ಮನೆ ಕಂಪ್ಯೂಟರ್ ಹಾಗಲ್ಲ. ಹತ್ತು ವರ್ಷದಲ್ಲಿ ಅದರೊಳಗೆ ಏನೇನು ಸೇರ್ಕೊಂಡಿದೆ ಅಂತ ಮನೆಯವರಿಗೇ ಪೂರ್ತಿ ಗೊತ್ತಿರಲ್ಲ. ಹಾಗಾಗಿ ಈ ಲೇಖನದಲ್ಲಿ ನಾವು ಕ್ಲಬ್ಬಿನವರು ಕೂತು ಚರ್ಚೆ ಮಾಡಿದ ಕೆಲವು ವಿಷಯಗಳನ್ನ ಬರೀತಿದ್ದೀವಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದೇ ಇಲ್ಲಿ ಮುಖ್ಯ. ವಿಂಡೋಸ್ ಕಂಪ್ಯೂಟರನ್ನೇ ಮನಸ್ಸಲ್ಲಿಟ್ಟು ಬರೆದಿದ್ದೀವಿ, ನಾವು ನೋಡಿದ ಮನೆಗಳಲ್ಲೆಲ್ಲ ಇರೋದು ಅದೇ.

ಮುಟ್ಟೋ ಮೊದಲು ಕಾಪಿ

ನಮ್ಮ ಕ್ಲಬ್ಬಿನ ಒಬ್ಬ ಗೆಳತಿಯ ಮನೆಯಲ್ಲಿ ನಡೆದದ್ದು ಇದು. ಅವಳ ಅಜ್ಜಿ ಸೋಬಾನೆ ಹಾಡು ಹೇಳೋರು. ಅವಳ ಚಿಕ್ಕಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದರು. ಅಜ್ಜಿ ತೀರಿಕೊಂಡ ಮೇಲೆ ಒಂದು ದಿನ ಕಂಪ್ಯೂಟರ್ ಬೂಟ್ ಆಗಲಿಲ್ಲ, ಊರಿನ ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವರು "ಡೇಟಾ ಬೇಕಾ?" ಅಂತ ಕೇಳಿದ್ರು. ಮನೆಯವರು "ಎಲ್ಲಾ ಡಿ ಡ್ರೈವಲ್ಲಿದೆ, ಸಿ ಫಾರ್ಮ್ಯಾಟ್ ಮಾಡಿ" ಅಂದ್ರು. ಕಂಪ್ಯೂಟರ್ ಹೊಸದರಂತೆ ವಾಪಸ್ ಬಂತು. ಹಾಡು ಮಾತ್ರ ಇರಲಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಡೆಸ್ಕ್‌ಟಾಪ್ ಅನ್ನೋದು ಸಿ ಡ್ರೈವಿನ ಒಳಗಿರೋ ಒಂದು ಫೋಲ್ಡರ್ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಪರದೆ ಮೇಲೆ ಎದುರಿಗೇ ಕಾಣುತ್ತಲ್ಲ, ಅದು ಸಿ ಡಿ ಎರಡಕ್ಕೂ ಹೊರಗೆ ಎಲ್ಲೋ ಇದೆ ಅಂದ್ಕೊಂಡಿರ್ತಾರೆ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲಾ ಅಲ್ಲೇ, ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಬಳಕೆದಾರರ ಹೆಸರಿನ ಒಳಗೆ ಇರೋದು.

ಇನ್ನೊಂದು ನಂಬಿಕೆಯೂ ಇದೆ: ಡಿ ಡ್ರೈವಲ್ಲಿಟ್ಟರೆ ಸೇಫ್ ಅಂತ. ವಿಂಡೋಸ್ ಹಾಳಾದರೆ ಇದು ನಿಜ. ಡಿಸ್ಕೇ ಹಾಳಾದರೆ? ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾರ್ಟಿಷನ್ನು. ಒಂದೇ ಮನೆಗೆ ನಡುವೆ ಗೋಡೆ ಕಟ್ಟಿ ಎರಡು ರೂಮು ಮಾಡಿದ ಹಾಗೆ. ಮಾಡು ಬಿದ್ದರೆ ಎರಡೂ ರೂಮಿನ ಮೇಲೆ ಬೀಳುತ್ತೆ.

ಆದ್ದರಿಂದ ಊರಿಗೆ ಹೋಗುವಾಗಲೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು ಹೋಗಿ. ಸ್ವಂತದ್ದು ಇಲ್ಲ ಅಂದ್ರೆ ಸಾಲ ಪಡೀರಿ. ಮೊದಲು ಆ ಯೂಸರ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಆಮೇಲೆ ಡಿ ಡ್ರೈವ್. ಮನೆಯಲ್ಲಿ ಟ್ಯಾಲಿ ಇದ್ದರೆ ಅದನ್ನ ತೆರೆದು ಡೇಟಾ ಯಾವ ಜಾಗದಲ್ಲಿದೆ ಅಂತ ನೋಡಿ ಆ ಫೋಲ್ಡರನ್ನೂ ತಗೊಳ್ಳಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳಿವೆಯಾ ನೋಡಿ. ವಿದ್ಯುತ್ ಬಿಲ್ಲು, ಎಲ್‌ಐಸಿ, ಪಹಣಿ ತೆಗೆಯೋ ಖಾತೆ ಇಂಥವುಗಳ ಪಾಸ್‌ವರ್ಡು ಅಪ್ಪನಿಗೆ ನೆನಪಿರಲ್ಲ, ಬ್ರೌಸರಿಗೆ ಮಾತ್ರ ನೆನಪಿರುತ್ತೆ. ಕಾಪಿ ಆದಮೇಲೆ ಎರಡು ಮೂರು ಫೈಲು ಎಕ್ಸ್‌ಟರ್ನಲ್ ಡಿಸ್ಕಿನಿಂದಲೇ ತೆರೆದು ನೋಡಿ.

ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಲೆಕ್ಕ ಹಾಕ್ಕೊಂಡರೆ ತಾಳ್ಮೆ ಉಳಿಯುತ್ತೆ. 200 ಜಿಬಿ ಇದೆ ಅಂದ್ಕೊಳ್ಳಿ. ಹಳೆ ಯುಎಸ್‌ಬಿ 2 ಪೋರ್ಟಿನಲ್ಲಿ ನಿಜವಾಗಿ ಸಿಗೋದು ಸೆಕೆಂಡಿಗೆ ಸುಮಾರು 35 ಎಂಬಿ, ಅಂದ್ರೆ ಒಂದೂವರೆ ಗಂಟೆ ಮೇಲೆ. ಯುಎಸ್‌ಬಿ 3 ಪೋರ್ಟಿಗೆ ಹಾಕಿ ಡಿಸ್ಕ್ 100 ಎಂಬಿ ಕೊಟ್ಟರೆ ಅರ್ಧ ಗಂಟೆಯ ಆಸುಪಾಸು. ತುಂಬಾ ಲ್ಯಾಪ್‌ಟಾಪುಗಳಲ್ಲಿ ಒಳಗೆ ನೀಲಿ ಬಣ್ಣ ಇರೋದೇ ಯುಎಸ್‌ಬಿ 3. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೆ ಇನ್ನೂ ನಿಧಾನ. ಕರೆಂಟ್ ಹೋಗೋ ಊರಾದ್ರೆ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಕಾಪಿ ಹಾಕೋ ಮುಂಚೆ ಯುಪಿಎಸ್ ಬ್ಯಾಟರಿ ಬದುಕಿದೆಯಾ ಅಂತ ಒಂದ್ಸಲ ನೋಡಿ. ಹೆಚ್ಚಿನ ಮನೆಗಳಲ್ಲಿ ಯುಪಿಎಸ್ ಬರೀ ಪ್ಲಗ್ ಪಾಯಿಂಟ್ ಆಗಿ ಉಳಿದಿರುತ್ತೆ.

ಹೋದ ಫೈಲು ಸಿಗುತ್ತಾ?

ಗೆಳತಿಯ ಮನೆಯ ವಿಷಯಕ್ಕೆ ಮರಳೋಣ. ಅವಳು ಹಾರ್ಡ್ ಡಿಸ್ಕ್ ಬಿಚ್ಚಿಸಿ ಹಾಸ್ಟೆಲ್ಲಿಗೆ ತಂದಳು. ಮನೆಯವರು ಆ ಕಂಪ್ಯೂಟರನ್ನ ನಾಲ್ಕೇ ದಿನ ಬಳಸಿದ್ದರು, ಅದು ಪುಣ್ಯ.

ಫೈಲು ಡಿಲೀಟ್ ಮಾಡಿದಾಗ ಹಾರ್ಡ್ ಡಿಸ್ಕಿನ ಮೇಲಿರೋ ಡೇಟಾ ಅಳಿಸಿಹೋಗಲ್ಲ. "ಈ ಜಾಗ ಖಾಲಿ" ಅಂತ ಪಟ್ಟಿಯಲ್ಲಿ ಗುರುತು ಬೀಳುತ್ತೆ, ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಕೂಡ ಹಾಗೇ, ಹಳೆ ಪಟ್ಟಿ ಬಿಸಾಕಿ ಹೊಸ ಖಾಲಿ ಪಟ್ಟಿ ಬರೆಯುತ್ತೆ. ಪೂರ್ತಿ ಫಾರ್ಮ್ಯಾಟ್ ಬೇರೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೀತಾ ಹೋಗುತ್ತೆ, ಆಗ ಏನೂ ಉಳಿಯಲ್ಲ. ಹಾಗಾಗಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ, ಆ ಜಾಗದ ಮೇಲೆ ಬೇರೆ ಏನೂ ಬರೆದಿಲ್ಲದಿದ್ದರೆ, ಫೋಟೋರೆಕ್ ಥರದ ಉಚಿತ ತಂತ್ರಾಂಶ ಡಿಸ್ಕನ್ನ ಮೊದಲಿಂದ ಕೊನೆವರೆಗೆ ಓದಿ, ಪ್ರತಿ ಫೈಲಿನ ತಲೆಯಲ್ಲಿರೋ ಗುರುತಿನಿಂದ ಇದು ಫೋಟೋ, ಇದು ಆಡಿಯೋ ಅಂತ ಪತ್ತೆ ಹಚ್ಚುತ್ತೆ. ಇಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ಕಳೆದುಹೋದ ಫೈಲಿರೋ ಡಿಸ್ಕಿಗೆ ಏನನ್ನೂ ಬರೀಬಾರದು. ರಿಕವರಿ ತಂತ್ರಾಂಶವನ್ನೂ ಅದರಲ್ಲಿ ಇನ್‌ಸ್ಟಾಲ್ ಮಾಡಬಾರದು. ಸಿಕ್ಕ ಫೈಲನ್ನ ಬೇರೆ ಡಿಸ್ಕಿಗೇ ಹಾಕಬೇಕು.

ಎರಡು ಸಂಜೆ ಕೂತು ನಡೆಸಿದ್ವಿ. ಫೋಟೋರೆಕ್ ಹೆಸರುಗಳನ್ನ ವಾಪಸ್ ಕೊಡಲ್ಲ, ಬರೀ ನಂಬರ್ ಹೆಸರಿನ ಸಾವಿರಾರು ಫೈಲು ಬಂತು. ವಾಟ್ಸಾಪ್ ವಾಯ್ಸ್ ಮೆಸೇಜು, ಸಿನಿಮಾ ಹಾಡು, ವಿಂಡೋಸ್ ತಾನೇ ಇಟ್ಟುಕೊಂಡಿರೋ ಟಿಂಗ್ ಟಿಂಗ್ ಸದ್ದು ಎಲ್ಲಾ ಸೇರಿ. ಅದರಲ್ಲಿ ಅಜ್ಜಿಯ ದನಿ ಹುಡುಕೋದು ನಮ್ಮಿಂದ ಆಗೋ ಕೆಲಸ ಅಲ್ಲ. ಅವಳೇ ಇಯರ್‌ಫೋನ್ ಹಾಕ್ಕೊಂಡು ಒಂದೊಂದೇ ಕೇಳಿದಳು. ಹಸೆಗೆ ಕರೆಯೋ ಹಾಡುಗಳು ಸಿಕ್ಕವು. ಆರತಿ ಹಾಡು ಅರ್ಧಕ್ಕೇ ನಿಂತು ಮುಂದೆ ಕರಕರ ಸದ್ದು, ಅದರ ಉಳಿದ ಜಾಗದ ಮೇಲೆ ಹೊಸ ವಿಂಡೋಸ್ ಕೂತುಬಿಟ್ಟಿತ್ತು. ಕೆಲವು ಸಿಗಲೇ ಇಲ್ಲ. ಎಷ್ಟಿದ್ದವು ಅಂತಲೂ ಚಿಕ್ಕಪ್ಪನಿಗೆ ಸರಿಯಾಗಿ ನೆನಪಿಲ್ಲ.

ಇಷ್ಟಾದರೂ ಸಿಕ್ಕಿದ್ದು ಅದು ಹಳೇ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ. ಎಸ್‌ಎಸ್‌ಡಿ ಆಗಿದ್ದರೆ? ಎಸ್‌ಎಸ್‌ಡಿಯಲ್ಲಿ ಬರೆದ ಜಾಗದ ಮೇಲೆ ನೇರ ಬರೆಯೋಕೆ ಬರಲ್ಲ, ಮೊದಲು ಒಂದಿಡೀ ಬ್ಲಾಕ್ ಅಳಿಸಬೇಕು. ಅದಕ್ಕೆ ಸಮಯ ಹಿಡಿಯುತ್ತೆ. ಹಾಗಾಗಿ ಫೈಲು ಡಿಲೀಟ್ ಆದಾಗ ವಿಂಡೋಸ್ "ಈ ಜಾಗ ಇನ್ನು ಬೇಡ" ಅಂತ ಎಸ್‌ಎಸ್‌ಡಿಗೆ ಹೇಳುತ್ತೆ. ಈ ಆಜ್ಞೆಗೆ ಟ್ರಿಮ್ ಅಂತ ಹೆಸರು. ಎಸ್‌ಎಸ್‌ಡಿ ಪುರುಸೊತ್ತಿನಲ್ಲಿ ತನ್ನಷ್ಟಕ್ಕೆ ಅದನ್ನ ಅಳಿಸಿ ರೆಡಿ ಇಟ್ಟುಕೊಳ್ಳುತ್ತೆ. ವೇಗಕ್ಕೆ ಇದು ಒಳ್ಳೇದು, ಕಳೆದುಹೋದ ಫೈಲಿಗೆ ಯಮ. ಟ್ರಿಮ್ ಆದ ಮೇಲೆ ಯಾವ ರಿಕವರಿ ತಂತ್ರಾಂಶಕ್ಕೂ ಸಾಮಾನ್ಯವಾಗಿ ಏನೂ ಸಿಗಲ್ಲ. ಮುಂದಿನ ಭಾಗದಲ್ಲಿ ನಾವು ಮನೆ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿ ಅಂತಲೇ ಹೇಳೋದು, ಆದರೆ ಹಾಕಿದ ದಿನದಿಂದ ಬ್ಯಾಕಪ್ ಜವಾಬ್ದಾರಿ ಜಾಸ್ತಿಯಾಗುತ್ತೆ ಅನ್ನೋದು ತಲೆಯಲ್ಲಿರಲಿ.

ಸ್ಲೋ ಯಾಕೆ ಆಗಿದೆ

"ವೈರಸ್ ಬಂದಿರಬೇಕು" ಅನ್ನೋದು ಮನೆಯವರ ಊಹೆ. ಊಹೆ ಬೇಡ, ಅಳೆಯೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಕಂಪ್ಯೂಟರ್ ಆನ್ ಆಗಿ ಐದು ನಿಮಿಷ ಬಿಟ್ಟು ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಪರ್ಸೆಂಟೇಜ್ ನೋಡಿ. ಮನೆ ಕಂಪ್ಯೂಟರುಗಳಲ್ಲಿ ಬಹಳ ಸಲ ಕಾಣೋದು ಡಿಸ್ಕ್ 100, ಉಳಿದದ್ದು ಆರಾಮ. ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋದರೆ ಆ ಡಿಸ್ಕ್ ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಅಂತಲೂ ತೋರಿಸುತ್ತೆ.

ಹಾರ್ಡ್ ಡಿಸ್ಕ್ ಯಾಕೆ ಅಷ್ಟು ನಿಧಾನ ಅನ್ನೋದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಒಂದು ಸುತ್ತಿಗೆ 11.1 ಮಿಲಿಸೆಕೆಂಡು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದ್ರೆ 5.5 ಮಿಲಿಸೆಕೆಂಡು. ಹೆಡ್ಡು ಸರಿಯಾದ ಸಾಲಿಗೆ ಸರಿಯೋಕೆ ಇನ್ನೊಂದು ಹತ್ತು ಹನ್ನೆರಡು. ಒಟ್ಟು 16ರ ಹತ್ತಿರ. ಅಂದ್ರೆ ಬೇರೆ ಬೇರೆ ಕಡೆ ಚದುರಿರೋ ಸಣ್ಣ ಫೈಲುಗಳನ್ನ ಓದುವಾಗ ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಓದೋಕಾಗುತ್ತೆ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಓದು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ, ಸೆಕೆಂಡಿಗೆ ಸಾವಿರಾರು ಓದು ಅದಕ್ಕೆ ಸಾಮಾನ್ಯ. ಹಾಗಾಗಿ ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿದರೆ ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಖರ್ಚು ಕೆಲವು ವರ್ಷ ಮುಂದಕ್ಕೆ ಹೋಗುತ್ತೆ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡೋದೂ ಒಳ್ಳೇದು, ಆದರೆ ಎರಡರಲ್ಲಿ ಒಂದಕ್ಕೇ ದುಡ್ಡಿದೆ ಅಂದ್ರೆ ನಮ್ಮ ವೋಟು ಎಸ್‌ಎಸ್‌ಡಿಗೆ.

ಹಳೆ ಡಿಸ್ಕಿನಿಂದ ಹೊಸದಕ್ಕೆ ಇದ್ದ ಹಾಗೇ ನಕಲು ಮಾಡೋಕೆ ಕ್ಲೋನ್‌ಜಿಲ್ಲಾ ಉಚಿತವಾಗಿದೆ, ಆದರೆ ಅದರ ಪರದೆಯೆಲ್ಲ ಕಪ್ಪು ಬಿಳುಪು ಅಕ್ಷರ, ಮೂಲ ಯಾವುದು ಗುರಿ ಯಾವುದು ಅಂತ ಎರಡೆರಡು ಸಲ ಓದಿ ಒತ್ತಬೇಕು. ತಿರುಗಾಮುರುಗಾ ಆದರೆ ಖಾಲಿ ಡಿಸ್ಕಿನ ನಕಲು ತುಂಬಿದ ಡಿಸ್ಕಿನ ಮೇಲೆ ಬೀಳುತ್ತೆ.

ಇದಕ್ಕೂ ಮುಂಚೆ ಒಂದು ಕೆಲಸ: ಹಾರ್ಡ್ ಡಿಸ್ಕ್ ಸಾಯ್ತಾ ಇದೆಯಾ ನೋಡಿ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಣ್ಣ ತಂತ್ರಾಂಶ ಅದನ್ನ ಓದಿ ನೀಲಿ, ಹಳದಿ, ಕೆಂಪು ತೋರಿಸುತ್ತೆ. ಹಳದಿ ಬಂದಿದ್ದರೆ, ಅದರಲ್ಲೂ ಓದೋಕಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆ ಏರ್ತಾ ಇದ್ದರೆ, ಸ್ಕ್ಯಾನು ಡಿಫ್ರ್ಯಾಗು ಅಂತೆಲ್ಲ ಅದನ್ನ ದುಡಿಸಬೇಡಿ. ಮುಖ್ಯವಾದ ಫೋಲ್ಡರ್ ಮೊದಲು, ಸಿನಿಮಾ ಕೊನೆಗೆ ಅಂತ ಕಾಪಿ ಶುರು ಮಾಡಿ. ಟಿಕ್ ಟಿಕ್ ಅಂತ ಲಯಬದ್ಧವಾಗಿ ಸದ್ದು ಬರ್ತಿದ್ದರೆ ಆಫ್ ಮಾಡಿಬಿಡಿ. ಫ್ರಿಡ್ಜಿನಲ್ಲಿಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಒಳಗೆ ತೇವ ಕೂತು ಇನ್ನಷ್ಟು ಹಾಳು.

ದುಡ್ಡು ಖರ್ಚಿಲ್ಲದ ಒಂದು ಔಷಧಿ ಇದೆ, ರೀಸ್ಟಾರ್ಟ್. "ದಿನಾ ಶಟ್‌ಡೌನ್ ಮಾಡ್ತೀವಲ್ಲೋ" ಅಂತಾರೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನೋ ವ್ಯವಸ್ಥೆ ಇರೋ ಕಂಪ್ಯೂಟರುಗಳಲ್ಲಿ ಶಟ್‌ಡೌನ್ ಅಂದ್ರೆ ಪೂರ್ತಿ ಶಟ್‌ಡೌನ್ ಅಲ್ಲ. ಕರ್ನಲ್ಲಿನ ಸ್ಥಿತಿಯನ್ನ ಡಿಸ್ಕಿಗೆ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಂಡು ಶುರು ಮಾಡುತ್ತೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲಾ ಹೊಸದಾಗಿ ಶುರು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಅಪ್‌ಟೈಮ್ ನೋಡಿ, ದಿನಾ ಆಫ್ ಮಾಡಿದ ಕಂಪ್ಯೂಟರಿನಲ್ಲಿ 40 ದಿನ ಅಂತ ತೋರಿಸಿದರೂ ಆಶ್ಚರ್ಯ ಬೇಡ. ವಾರಕ್ಕೊಂದು ರೀಸ್ಟಾರ್ಟ್ ಅಂತ ಹೇಳಿಕೊಟ್ಟು ಬನ್ನಿ. ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದನ್ನ ಡಿಸೇಬಲ್ ಮಾಡಿ.

ನುಡಿ ಫೈಲುಗಳು

ಇದು ಕನ್ನಡ ಮನೆಗಳಿಗೇ ಇರೋ ಸಮಸ್ಯೆ, ನಮ್ಮ ಕ್ಲಬ್ಬಿನವರು ಬರೀದೆ ಇನ್ಯಾರು ಬರೀತಾರೆ. ಮೇಷ್ಟ್ರೋ ವಕೀಲರೋ ಪಂಚಾಯ್ತಿ ಕೆಲಸದವರೋ ಇರೋ ಮನೆಯಾದ್ರೆ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಫೈಲು ಇದ್ದೇ ಇರುತ್ತೆ. ಬರಹ 1998ರಲ್ಲಿ ಬಂದದ್ದು, ನುಡಿ ಕನ್ನಡ ಗಣಕ ಪರಿಷತ್ತಿನದು. ನುಡಿಯ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಯೂನಿಕೋಡ್ ಎಲ್ಲಾ ಕಡೆ ಸರಿಯಾಗಿ ಕೆಲಸ ಮಾಡದಿದ್ದ ಕಾಲದಲ್ಲಿ ಕನ್ನಡವನ್ನ ಕಂಪ್ಯೂಟರಿಗೆ ತಂದವು ಇವು. ಆದರೆ ತಂದ ರೀತಿಯಲ್ಲಿ ಒಂದು ಉಪಾಯವಿತ್ತು.

ಹಳೆ ನುಡಿ ಫಾಂಟಿನಲ್ಲಿ ಉಳಿಸಿದ ಫೈಲಿನೊಳಗೆ ನಿಜಕ್ಕೂ ಕನ್ನಡ ಅಕ್ಷರವೇ ಇಲ್ಲ. ಇರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಬಿಡಿಸಿಟ್ಟಿರೋದು ಫಾಂಟು. "ಕನ್ನಡ" ಅನ್ನೋ ಪದವನ್ನ ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಒಂದು ಪೌಂಡ್ ಗುರುತು ಹೀಗೆ ಏಳು ಗುರುತುಗಳ ಕಗ್ಗ ಕಾಣುತ್ತೆ. ಫೈಲು ಕೆಟ್ಟಿಲ್ಲ, ಫಾಂಟು ಇಲ್ಲ ಅಷ್ಟೇ. ಗೊತ್ತಿಲ್ಲದ ಮಗನೋ ಮಗಳೋ ಕ್ಲೀನ್ ಮಾಡುವಾಗ "ಇದ್ಯಾವುದೋ ಕರಪ್ಟ್ ಆಗಿರೋ ಫೈಲು" ಅಂತ ಡಿಲೀಟ್ ಮಾಡೋದು ಇಲ್ಲೇ. ಅಂಥ ಕಗ್ಗ ಕಂಡರೆ ದಯವಿಟ್ಟು ನಿಲ್ಲಿ, ಅದು ಯಾರದ್ದೋ ವರ್ಷಗಟ್ಟಲೆ ಕೆಲಸ ಆಗಿರಬಹುದು.

ಯೂನಿಕೋಡಿನಲ್ಲಿ ಹಾಗಲ್ಲ. ಕನ್ನಡಕ್ಕೆ ಅದರದೇ ಸಂಕೇತಗಳಿವೆ. "ಕನ್ನಡ" ಅಂದ್ರೆ ಕ, ನ, ವಿರಾಮ ಚಿಹ್ನೆ, ನ, ಡ ಅಂತ ಐದು ಸಂಕೇತ. ಯುಟಿಎಫ್ 8ರಲ್ಲಿ ಒಂದಕ್ಕೆ 3 ಬೈಟ್, ಒಟ್ಟು 15 ಬೈಟ್. ಯಾವ ಫಾಂಟಿಗೆ ಬದಲಾಯಿಸಿದರೂ ಕನ್ನಡವಾಗೇ ಉಳಿಯುತ್ತೆ, ಫೋನಿನಲ್ಲಿ ಓದಬಹುದು, ಒಳಗೆ ಹುಡುಕಬಹುದು. ಈಗಿನ ನುಡಿ ಮತ್ತು ಬರಹದಲ್ಲೂ ಯೂನಿಕೋಡ್ ಇದೆ, ಆದರೆ ಅಭ್ಯಾಸಬಲದಿಂದ ಹಳೆ ಫಾಂಟನ್ನೇ ಆರಿಸಿ ಟೈಪ್ ಮಾಡೋರು ಬಹಳ ಜನ.

ಮಾಡಬೇಕಾದ್ದು: ಮೊದಲು ಮೂಲ ಫೈಲನ್ನ ಹಾಗೇ ಬ್ಯಾಕಪ್ಪಿಗೆ ಹಾಕಿ. ನುಡಿ ಇರೋ ಕಂಪ್ಯೂಟರಿನಲ್ಲೇ ತೆರೆದು ಒಂದು ಪಿಡಿಎಫ್ ಮಾಡಿ. ಪಿಡಿಎಫ್ ಒಳಗೆ ಫಾಂಟು ಸೇರ್ಕೊಳ್ಳೋದರಿಂದ ಮುಂದೆ ಯಾವಾಗ ಬೇಕಾದರೂ ಮೂಲ ಹೇಗಿತ್ತು ಅಂತ ಕಣ್ಣಲ್ಲಿ ನೋಡಬಹುದು. ಆಮೇಲೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಿ. ತಿರುಗಿಸಿದ್ದನ್ನ ಪಿಡಿಎಫ್ ಪಕ್ಕ ಇಟ್ಟು ಓದಲೇಬೇಕು. ಅರ್ಕಾವತ್ತು, ಒತ್ತಕ್ಷರ, ನಡುವೆ ಬರೋ ಇಂಗ್ಲಿಷ್ ಪದ, ಅಂಕಿ, ಇವುಗಳಲ್ಲಿ ಎಡವಟ್ಟಾಗುತ್ತೆ. ಫೈಲಿನಲ್ಲಿ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಅಂದ್ಕೊಂಡು ವಿಚಿತ್ರ ಕನ್ನಡ ಮಾಡಿಕೊಡುತ್ತೆ. ಮನೆಪತ್ರ, ದಾವೆ, ಲೆಕ್ಕದ ಕಾಗದ ಆಗಿದ್ದರೆ ಒಂದು ಅಂಕಿ ತಪ್ಪೂ ಸಣ್ಣದಲ್ಲ.

ಮುಂದೆ ಟೈಪ್ ಮಾಡೋಕೆ ವಿಂಡೋಸ್‌ನಲ್ಲೇ ಕನ್ನಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿದರೆ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯೋ ಫೋನೆಟಿಕ್ ಕೀಲಿಮಣೆ 2019ರ ಅಪ್‌ಡೇಟಿನಿಂದ ಅದರಲ್ಲೇ ಬರುತ್ತೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಾಯಿಸಬಹುದು. ಆದರೆ ಇಪ್ಪತ್ತು ವರ್ಷ ನುಡಿ ಕೀಲಿಮಣೆಯಲ್ಲಿ ಬೆರಳು ಪಳಗಿಸಿದ ಅಪ್ಪನಿಗೆ ಇದನ್ನ ಹೇರಬೇಡಿ. ಅವರಿಗೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಆನ್ ಮಾಡಿಕೊಡಿ, ಬೆರಳು ಹಳೇದು, ಫೈಲು ಹೊಸದು.

ಬ್ಯಾಕಪ್

ದೊಡ್ಡ ಕಂಪನಿಗಳಿಗೂ ಮನೆಗೂ ಒಂದೇ ಸೂತ್ರ, ಮೂರು ಎರಡು ಒಂದು: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಬೀರುವಿನಲ್ಲಿಡೋ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು, ಮೂರನೇದು ಕ್ಲೌಡಿನಲ್ಲೋ ನಿಮ್ಮ ಹಾಸ್ಟೆಲ್ ಟ್ರಂಕಿನಲ್ಲೋ. ಹಾಸ್ಟೆಲ್ ಟ್ರಂಕು ತಮಾಷೆಗೆ ಹೇಳಿದ್ದಲ್ಲ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೂ 200 ಜಿಬಿ ಮೇಲೇರಿಸೋಕೆ ಎಡೆಬಿಡದೆ 22 ಗಂಟೆ ಬೇಕು, ಬಸ್ಸಿನಲ್ಲಿ ತಗೊಂಡು ಬಂದರೆ ಅದಕ್ಕಿಂತ ಬೇಗ.

ಗೂಗಲ್ಲಿನ ಉಚಿತ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೋಗಳೂ ಅದೇ ಲೆಕ್ಕಕ್ಕೆ. ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ. ಅಮ್ಮನ ಫೋನಿಗೆ ದಿನಾ ಬರೋ ಗುಡ್ ಮಾರ್ನಿಂಗ್ ವಿಡಿಯೋಗಳೇ ಅರ್ಧ ತಿಂದಿರ್ತಾವೆ. ಮೊದಲು ಅವನ್ನ ಅಳಿಸಿ, ಹಾಗೇ ವಾಟ್ಸಾಪ್ ಬ್ಯಾಕಪ್ಪಿನಲ್ಲಿ ವಿಡಿಯೋ ಬೇಡ ಅಂತ ಆರಿಸಿ.

ಒಂದು ಗೊಂದಲ ನಿವಾರಿಸಬೇಕು. ಕ್ಲೌಡ್ ಸಿಂಕ್ ಬ್ಯಾಕಪ್ ಅಲ್ಲ. ಇಲ್ಲಿ ಡಿಲೀಟ್ ಆದರೆ ಅಲ್ಲೂ ಡಿಲೀಟ್ ಆಗುತ್ತೆ, 30 ದಿನ ಕಸದಬುಟ್ಟಿಯಲ್ಲಿದ್ದು ಆಮೇಲೆ ಹೋಗೇಬಿಡುತ್ತೆ. ಬೀರುವಿನ ಡಿಸ್ಕ್ ಮುಖ್ಯ ಆಗೋದು ಅದಕ್ಕೇ. ಅದನ್ನ ಸದಾ ಕಂಪ್ಯೂಟರಿಗೆ ಸಿಕ್ಕಿಸಿಡಬಾರದು, ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಹಾಕುತ್ತೆ. ಅಂದಹಾಗೆ 1 ಟಿಬಿ ಡಿಸ್ಕ್ ತಂದು ವಿಂಡೋಸ್‌ನಲ್ಲಿ 931 ಜಿಬಿ ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ತಯಾರಕರು ಹತ್ತರ ಘಾತದಲ್ಲಿ ಎಣಿಸ್ತಾರೆ, ವಿಂಡೋಸ್ ಎರಡರ ಘಾತದಲ್ಲಿ. ಅಷ್ಟೇ ವ್ಯತ್ಯಾಸ.

ಬೈಬೇಡಿ

ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ಬಂದಿದೆ" ಅಂತ ಪದೇ ಪದೇ ಬರ್ತಿದ್ದರೆ ಅದು ಬಹಳ ಸಲ ವೈರಸ್ ಅಲ್ಲ, ಯಾವುದೋ ಜಾಲತಾಣಕ್ಕೆ ನೋಟಿಫಿಕೇಶನ್ ಅನುಮತಿ ಕೊಟ್ಟಿರ್ತಾರೆ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್. ಅಲ್ಲಿರೋ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೀರಿ. ಹಾಗೇ ಯಾರೂ ಬಳಸದ ಎನಿಡೆಸ್ಕ್ ಥರದ್ದು ಇದ್ದರೆ ಯಾರು ಹಾಕಿಸಿದ್ದು ಅಂತ ಕೇಳಿ. ಬ್ಯಾಂಕಿನವರು ಅಂತ ಫೋನ್ ಮಾಡಿ ಇದನ್ನ ಹಾಕಿಸೋದು ಹಳೇ ಮೋಸ. ಫೋನಿಗೆ ಮದುವೆ ಕರೆಯೋಲೆ ಅಂತ ಎಪಿಕೆ ಫೈಲು ಕಳಿಸೋದು ಹೊಸದು. ಕರೆಯೋಲೆ ಫೋಟೋ ಆಗಿರುತ್ತೆ, ಪಿಡಿಎಫ್ ಆಗಿರುತ್ತೆ, ಎಪಿಕೆ ಯಾವತ್ತೂ ಆಗಿರಲ್ಲ.

ಇದನ್ನೆಲ್ಲ ಹೇಳುವಾಗ "ಇಷ್ಟೂ ಗೊತ್ತಾಗಲ್ವಾ ಅಮ್ಮ" ಅನ್ನೋ ದನಿ ಬೇಡ. ಮರ್ಯಾದೆ ಪ್ರಶ್ನೆ ಬಿಡಿ, ಲೆಕ್ಕಾಚಾರವೂ ಅದನ್ನೇ ಹೇಳುತ್ತೆ. ಖಾತೆಯಿಂದ ದುಡ್ಡು ಹೋದಾಗ 1930ಕ್ಕೆ ಎಷ್ಟು ಬೇಗ ಫೋನ್ ಮಾಡ್ತೀವೋ, ದುಡ್ಡು ಕೈಬದಲಾಗೋ ಮೊದಲೇ ತಡೆಯೋ ಅವಕಾಶ ಅಷ್ಟು ಜಾಸ್ತಿ. ಮಕ್ಕಳು ಬೈತಾರೆ ಅಂತ ಹೆದರಿದ ಅಪ್ಪ ಅಮ್ಮ ಆ ಹೊತ್ತನ್ನ ಮುಚ್ಚಿಡೋದರಲ್ಲಿ ಕಳೀತಾರೆ. 1930 ಅಂತ ದಪ್ಪ ಅಕ್ಷರದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ. ಪಾಸ್‌ವರ್ಡುಗಳನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡೋದಕ್ಕೂ ನಮ್ಮ ವಿರೋಧವಿಲ್ಲ. ಎಲ್ಲಾ ಖಾತೆಗೂ ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡೋದಕ್ಕಿಂತ ಅದು ನೂರು ಪಾಲು ಮೇಲು.

ವಿಂಡೋಸ್ 10 ಇದ್ದರೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿತು, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದಕ್ಕಿಂತ ಹಳೇದು, ಬಳಕೆ ಬರೀ ಬ್ರೌಸರ್ ಮತ್ತು ಯೂಟ್ಯೂಬ್ ಅಂದ್ರೆ ಲಿನಕ್ಸ್ ಮಿಂಟ್ ಹಾಕಿ. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಮೊದಲೇ ಇರುತ್ತೆ. ಟ್ಯಾಲಿ, ನುಡಿ ಬೇಕಾದ ಮನೆಗೆ ಲಿನಕ್ಸ್ ಹಾಕಿ ವೀರರಾಗೋಕೆ ಹೋಗಬೇಡಿ, ವಾರಕ್ಕೆ ನಾಲ್ಕು ಫೋನ್ ಬರುತ್ತೆ. ದಾರಿಯಲ್ಲಿ ಸಿಕ್ಕ ಆಕ್ಟಿವೇಟರ್ ಓಡಿಸಿ ವಿಂಡೋಸ್ ಕ್ರ್ಯಾಕ್ ಮಾಡೋದೂ ಬೇಡ. ಅದನ್ನ ಓಡಿಸೋಕೆ ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಕೇಳುತ್ತೆ, ಬ್ಯಾಂಕ್ ವ್ಯವಹಾರ ಮಾಡೋ ಕಂಪ್ಯೂಟರಿನಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ.

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರಬಹುದು. ಬಯಾಸ್ ಮುಟ್ಟೋ ಮೊದಲು ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ, 48 ಅಂಕಿಗಳದ್ದು. ಅದು ಆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿರೋ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಆ ಖಾತೆ ಯಾರದ್ದು ಅಂತ ಅಂಗಡಿಯವರೇ ಮಾಡಿಕೊಟ್ಟ ಮನೆಗಳಲ್ಲಿ ಯಾರಿಗೂ ಗೊತ್ತಿರಲ್ಲ, ಹಾಗಾಗಿ ಇದನ್ನ ಎಲ್ಲಾ ಸರಿ ಇರುವಾಗಲೇ ಹುಡುಕಬೇಕು.

ಉಳಿದ ಚಿಲ್ಲರೆ

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಕೆಳಗೆ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಒತ್ತಿ ಕೂರಿಸಬೇಡಿ, ಚಾರ್ಜ್ ಹಾಕೋದು ನಿಲ್ಲಿಸಿ ಬದಲಾಯಿಸಿ. ಹಾಸಿಗೆ ಮೇಲಿಟ್ಟು ಬಳಸಿದರೆ ಗಾಳಿ ಒಳಗೆ ಹೋಗಲ್ಲ, ಒಂದು ಮಣೆ ಇಟ್ಟುಕೊಡಿ. ಅಪ್ಪ ಅಮ್ಮ ಕಣ್ಣು ಕಿರಿದು ಮಾಡಿ ಓದ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 125 ಮಾಡಿ, ನೀವು ಮಾಡಿದ ಅಷ್ಟೂ ಕೆಲಸದಲ್ಲಿ ಅವರು ಹೊಗಳೋದು ಇದೊಂದನ್ನೇ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತೆ, ವಿಂಡೋಸ್, ಶಿಫ್ಟ್, ಎಸ್ ಒತ್ತಿದರೆ ಪರದೆಯ ಬೇಕಾದಷ್ಟೇ ಭಾಗದ ಚಿತ್ರ. ಫೋನಿನಲ್ಲಿ ಮಾನಿಟರಿನ ಫೋಟೋ ಹೊಡೆದು ಕಳಿಸೋ ದೊಡ್ಡಪ್ಪನಿಗೆ ಇದನ್ನ ತೋರಿಸಿಕೊಡಿ.

ಇನ್ನು ಪ್ರಿಂಟರ್. ಕಾಗದ ಸರಿ ಇದೆ, ಇಂಕ್ ಇದೆ, ಆದರೂ ಪ್ರಿಂಟ್ ಬರ್ತಿಲ್ಲ ಅಂದ್ರೆ ಹಳೇ ಪ್ರಿಂಟ್ ಒಂದು ಸಾಲಿನಲ್ಲಿ ಸಿಕ್ಕಿಕೊಂಡು ಹಿಂದಿನವನ್ನೆಲ್ಲ ತಡೆದಿರುತ್ತೆ. ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಅಂತ ಹುಡುಕಿ ತೆರೆದು, ಪ್ರಿಂಟ್ ಸ್ಪೂಲರ್ ಅನ್ನೋದನ್ನ ಸ್ಟಾಪ್ ಮಾಡಿ. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್ 32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನೋ ಫೋಲ್ಡರಿದೆ. ಅದರ ಒಳಗಿರೋ ಫೈಲುಗಳನ್ನ ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ. ಇಷ್ಟಾದಮೇಲೂ ಬರದಿದ್ದರೆ ಕೇಬಲ್ ಸಿಕ್ಕಿಸಿದೆಯಾ ನೋಡಿ.